ಐನೂರ ಹದಿಮೂರು, ಇನ್ನೂರ ಐವತ್ತೆಂಟು

ಪುಲೆಗಚ್ ಊರಿನ ನದಿ ಕಚೇರಿಯಲ್ಲಿ ಮಹ್ಲಖಾಳನ್ನು ಎದುರಿಗೆ ಎಲ್ಲರೂ ‘ಇಂಜಿನಿಯರ್ ಖಾನುಮ್’, ಅಂದರೆ ಇಂಜಿನಿಯರಮ್ಮ, ಎನ್ನುತ್ತಿದ್ದರು. ಬೆನ್ನ ಹಿಂದೆ ‘ಕಳವಳದ ಖಾನುಮ್’. ಈ ಎರಡನೆಯ ಹೆಸರು ಅವಳಿಗೂ ಗೊತ್ತಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲವಾದ್ದರಿಂದ ಅವಳು ಸಿಟ್ಟು ಮಾಡಿಕೊಳ್ಳುತ್ತಿರಲಿಲ್ಲ. ಮನೆಯಿಂದ ಹೊರಟವಳು ಗಲ್ಲಿಯ ತಿರುವಿನಿಂದ ವಾಪಸು ಬಂದು ಗ್ಯಾಸ್ ಆರಿಸಿದ್ದೇನೆಯೇ ಎಂದು ನೋಡುವಳು. ಮಗಳು ತಾಬಾನ್ ಶಾಲೆಯಿಂದ ಹತ್ತು ನಿಮಿಷ ತಡವಾದರೆ ಗಂಡನ ರೊಟ್ಟಿ ಭಟ್ಟಿಗೆ ಫೋನ್ ಮಾಡುವಳು. ಗಂಡ ನೌಜರ್ ತಂದೂರಿನ ಬಾಯಿಯ ಮುಂದೆ ನಿಂತು ಬೆವರು ಒರೆಸಿಕೊಳ್ಳುತ್ತ, “ನಿನ್ನ ಎದೆಯೊಳಗೆ ಯಾರೋ ದಿನವಿಡೀ ಉಪ್ಪಿನಕಾಯಿ ಹಾಕ್ತಾ ಕೂತಿದಾರೆ ಕಣೇ” ಎಂದು ನಗುವನು.

ಅವಳು ನೆರೆದೇಶದ ಜೊತೆ ಎಂಟು ವರ್ಷ ನಡೆದ ಯುದ್ಧದ ಕಾಲದ ಮಗು. ಖೂಜಿಸ್ತಾನದ ಆ ಊರುಗಳಲ್ಲಿ ಆಗ ಹುಟ್ಟಿದವರೆಲ್ಲ ಮನೆಯ ಕೆಳಗಿನ ಆಳದ ನೆಲಮಾಳಿಗೆಗಳಲ್ಲಿ ಅಕ್ಷರ ಕಲಿತವರು. ಸೈರನ್ ಕೂಗಿದರೆ ಪುಸ್ತಕ ಎದೆಗವಚಿಕೊಂಡು ಮೆಟ್ಟಿಲಿಳಿಯಬೇಕು, ಇನ್ನೊಮ್ಮೆ ಕೂಗಿದರೆ ಮೇಲೆ ಬರಬೇಕು. ಒಂದು ಸಲ ಸೈರನ್ ಕೂಗಲಿಲ್ಲ. ಅವತ್ತು ಪಕ್ಕದ ಬೀದಿ ಇಲ್ಲವಾಯಿತು. ಆ ಬೀದಿಯಲ್ಲಿ ಅವಳ ಚಿಕ್ಕಮ್ಮನ ಮನೆಯಿತ್ತು. ಅದರ ಮಾತನ್ನು ಅವಳು ಎಂದೂ ಎತ್ತುತ್ತಿರಲಿಲ್ಲ.

ಪ್ರಾಂತದ ರಾಜಧಾನಿ ಅಹ್ವಾಜಿನಲ್ಲಿ ಓದು ಮುಗಿಸಿ ಇಪ್ಪತ್ತೆರಡನೆಯ ವಯಸ್ಸಿಗೆ ಅವಳು ನದಿ ಕಚೇರಿ ಸೇರಿದಳು. ಶೂರಾಬ್ ನದಿ ಮೇಲಿನ ಗುಡ್ಡಗಳಿಂದ ಬಯಲಿಗಿಳಿಯುವ ಜಾಗಕ್ಕೆ ದಹಾನೆ ಎಂದು ಹೆಸರು. ಅಲ್ಲಿ ನೀರೊಳಗೆ ಅಳತೆಯ ಗೆರೆ ಕೊರೆದ ಕಂಬವೊಂದು ನಿಂತಿದೆ. ದಹಾನೆಯಲ್ಲಿ ಏರಿದ ನೀರು ಒಂದೂವರೆ ಗಂಟೆಯಲ್ಲಿ ಊರಿಗೆ ಬರುತ್ತದೆ. ಆ ಒಂದೂವರೆ ಗಂಟೆಯನ್ನು ಊರಿಗೆ ಉಳಿಸಿಕೊಡುವುದಕ್ಕಾಗಿಯೇ ಕಚೇರಿ ಇದ್ದದ್ದು. ಕಂಬವನ್ನು ಕಣ್ಣಿನಿಂದ ನೋಡಿ ಫೋನಿನಲ್ಲಿ ಹೇಳುತ್ತಿದ್ದವನು ಲಫ್ತೆ ಎಂಬ ಅರಬ, ಅಲ್ಲೇ ದಂಡೆಯ ಮೇಲೆ ಎಮ್ಮೆ ಸಾಕಿಕೊಂಡಿದ್ದವನು. ಮಹ್ಲಖಾ ಫಾರ್ಸಿ ಮಾತಿನವಳು. ಅರಬರು ಮಾತಿನಲ್ಲಿ ಬಿಡಿಯನ್ನು ಮೊದಲು ಹೇಳಿ ಹತ್ತನ್ನು ಆಮೇಲೆ ಹೇಳುತ್ತಾರೆಂಬುದು ಗೊತ್ತಿದ್ದರೂ ಕೆಲಸದ ಮೊದಲ ತಿಂಗಳ ಗಡಿಬಿಡಿಯಲ್ಲಿ ಕಿವಿ ಮೋಸ ಮಾಡಿತು. ಲಫ್ತೆ “ಮುನ್ನೂರ, ಐದೂ ನಲವತ್ತು” ಎಂದದ್ದನ್ನು ಅವಳು ಮುನ್ನೂರ ಐವತ್ನಾಲ್ಕು ಎಂದು ಬರೆದುಕೊಂಡಳು. ಮರುದಿನ ಫೋನಿನಲ್ಲಿ ಲಫ್ತೆ ಬಿಡಲಿಲ್ಲ.

“ಏನವಾ, ಹೊಸಾ ಇಂಜಿನೇರ! ನಾ ಹೇಳಿದ್ದು ಐದೂ ನಲವತ್ತು. ನೀ ಬರಕೊಂಡದ್ದು ನಾಕೂ ಐವತ್ತು. ನೀ ಬರದೀ ಅಂತ ನದಿ ಒಂಬತ್ತ ಸೆಂಟಿಮೀಟರ್ ಏರೂದಿಲ್ಲ ನೋಡು!”

ಆ ದಿನ ಅವಳು ಕಚೇರಿಯ ಬಚ್ಚಲಲ್ಲಿ ನಿಂತು ಅತ್ತಳು. ಹೊರಗೆ ಬಂದಾಗ ವಾರ್ತಾನ್ ಸಾಹೇಬರು ಚಹಾದ ಲೋಟ ಮುಂದೆ ಮಾಡಿದರು. ವಾರ್ತಾನ್ ಇಸ್ಫಹಾನಿನಿಂದ ಬಂದ ಆರ್ಮೇನಿಯನ್, ಕಚೇರಿಯ ಪ್ರವಾಹ ಎಚ್ಚರಿಕೆಯ ಪ್ರೋಗ್ರಾಂ ಬರೆದವರು.

“ಅಳೋದು ಬೇಡ. ನಮ್ಮ ಕಂಪ್ಯೂಟರುಗಳಿಗೂ ಇದೇ ರೋಗ,” ಎಂದರು. “ಒಂದು ಬೈಟಿನಲ್ಲಿ ಇನ್ನೂರ ಐವತ್ತೈದರವರೆಗೆ ಹಿಡಿಯುತ್ತೆ. ಅದಕ್ಕಿಂತ ದೊಡ್ಡದಾದರೆ ಎರಡು ಬೈಟು ಬೇಕು. ಎರಡು ಡಬ್ಬಿ ಅಂತ ತಿಳ್ಕೋ. ಒಂದರಲ್ಲಿ ಇನ್ನೂರ ಐವತ್ತಾರರ ಕಟ್ಟು ಎಷ್ಟು ಅಂತ, ಇನ್ನೊಂದರಲ್ಲಿ ಬಿಡಿ ಎಷ್ಟು ಅಂತ. ನಮ್ಮ ಈ ಯಂತ್ರ ಕಟ್ಟಿನ ಡಬ್ಬಿಯನ್ನ ಮುಂದಿಡುತ್ತೆ. ಅಂಗಡಿಯಲ್ಲಿ ಸಿಗೋ ಕಂಪ್ಯೂಟರುಗಳು ಬಿಡಿಯ ಡಬ್ಬಿಯನ್ನ ಮುಂದಿಡ್ತವೆ. ಎರಡೂ ಸರಿಯೇ. ಯಾರು ಯಾವುದನ್ನ ಮುಂದಿಡ್ತಾರೆ ಅನ್ನೋದನ್ನ ಮರೆತರೆ ಮಾತ್ರ ಮನೆ ಹಾಳು.”

ವಾರ್ತಾನ್ ತೀರಿಕೊಂಡು ಎಷ್ಟೋ ವರ್ಷವಾಯಿತು. ಅವರು ಕೈಯಾರೆ ಬರೆದ ಪ್ರೋಗ್ರಾಮಿನ ಮೂಲಪ್ರತಿ ಎಲ್ಲೂ ಸಿಗಲಿಲ್ಲ. ಯಂತ್ರದೊಳಗೆ ಓಡುತ್ತಿದ್ದ ರೂಪ ಮಾತ್ರ ಉಳಿದಿತ್ತು. ಅದಕ್ಕೆ ಸಮವಾದ ಇನ್ನೊಂದನ್ನು ಬರೆಯಲು ಯಾರಿಗೂ ಧೈರ್ಯ ಬರಲಿಲ್ಲ, ಏಕೆಂದರೆ ಮೂವತ್ತು ಪ್ರವಾಹಗಳ ಅನುಭವವನ್ನು ಆ ಮನುಷ್ಯ ಅದರೊಳಗೆ ತುಂಬಿಟ್ಟಿದ್ದರು. ಆದರೆ ಯಂತ್ರಕ್ಕೆ ವಯಸ್ಸಾಗಿತ್ತು. ಬಿಡಿಭಾಗ ಹೊರದೇಶದಿಂದ ಬರುವುದು ನಿಂತುಹೋಗಿತ್ತು. ಇಪ್ಪತ್ತು ವರ್ಷಕ್ಕೂ ಮೀರಿ ಮಹ್ಲಖಾ ಆ ಯಂತ್ರವನ್ನು ಬಾಣಂತಿಯಂತೆ ಸಾಕಿದಳು. ಬೇಸಿಗೆಯಲ್ಲಿ ತನ್ನ ಕೋಣೆಯ ಕೂಲರನ್ನು ಅದರ ಕಡೆ ತಿರುಗಿಸಿ ತಾನು ಬೆವರುತ್ತ ಕೂರುವಳು. ಕೊನೆಗೆ ಒಂದು ಬೆಳಿಗ್ಗೆ ಅದು ಸುಟ್ಟ ವಾಸನೆ ಬಿಟ್ಟು ನಿಂತೇಹೋಯಿತು.

ಆ ದಿನಕ್ಕಾಗಿ ಅವಳು ಎರಡು ವರ್ಷದಿಂದ ತಯಾರಿ ನಡೆಸಿದ್ದಳು. ಎಮ್ಯುಲೇಟರ್ ಎಂಬ ಒಂದು ಜಾತಿಯ ಪ್ರೋಗ್ರಾಂ ಇದೆ. ಅದನ್ನು ಸಾಮಾನ್ಯ ಕಂಪ್ಯೂಟರಿನಲ್ಲಿ ಓಡಿಸಿದರೆ ಅದು ಹಳೆಯ ಯಂತ್ರದ ವೇಷ ಹಾಕಿ, ಹಳೆಯ ಪ್ರೋಗ್ರಾಮಿಗೆ ತಾನು ತನ್ನ ಮನೆಯಲ್ಲೇ ಇದ್ದೇನೆಂಬ ನಂಬಿಕೆ ಹುಟ್ಟಿಸುತ್ತದೆ. ದೇಶದೇಶಗಳ ಜನ ಕೂಡಿ ಬರೆದು ಯಾರು ಬೇಕಾದರೂ ಬಳಸಿ ಎಂದು ಬಿಟ್ಟದ್ದು. ಅದರೊಳಗೆ ಡಿಸ್ಕು, ತಂತಿ, ಗಡಿಯಾರ ಎಲ್ಲವೂ ತೋರಿಕೆಯವು. ಈ ತೋರಿಕೆಯ ಸಾಧನಗಳಲ್ಲಿ ಎರಡು ತಲೆಮಾರು. ಹೊಸವು ಒಂದೇ ನಿಯಮದವು: ಒಳಗೆ ಕೂತ ಯಂತ್ರ ಯಾವುದೇ ಇರಲಿ, ತಾವು ಯಾವಾಗಲೂ ಬಿಡಿಯನ್ನೇ ಮುಂದಿಡುತ್ತವೆ, ಬೇಕಿದ್ದವರು ತಿರುಗಿಸಿಕೊಳ್ಳಲಿ. ಹಳೆಯವು ಒಳಗೆ ಕೂತ ಅತಿಥಿಯನ್ನು ನೋಡಿ ನಡೆಯುತ್ತವೆ: ಒಳಗಿನ ಯಂತ್ರ ಕಟ್ಟು ಮುಂದಿಡುವುದಾದರೆ ತಾವೂ ಕಟ್ಟು ಮುಂದಿಡುತ್ತವೆ. ವಾರ್ತಾನರ ಪ್ರೋಗ್ರಾಮಿಗೆ ಹಳೆಯವೇ ಒಗ್ಗುತ್ತಿದ್ದವು. ದಹಾನೆಯ ಕಂಬಕ್ಕೆ ಈಗ ತಾನಾಗಿ ಅಳೆದು ಕಳಿಸುವ ಉಪಕರಣ ಕಟ್ಟಿದ್ದರು. ಅದರ ಅಳತೆ ಹಳೆಯ ಪ್ರೋಗ್ರಾಮಿನ ಕಿವಿಗೆ ಬೀಳಲು ನಡುವೆ ಒಂದು ತೋರಿಕೆಯ ಸಾಧನ ಬೇಕಿತ್ತು. ಅದನ್ನು ಮಹ್ಲಖಾಳೇ ಬರೆದಳು. ಅತಿಥಿ ಯಾವ ಪದ್ಧತಿಯವನು ಎಂದು ಶುರುವಿನಲ್ಲೇ ನೋಡಿ ನೆನಪಿಟ್ಟುಕೊಂಡು, ಅದಕ್ಕೆ ತಕ್ಕಂತೆ ಅದು ಅಂಕಿ ತಿರುಗಿಸುತ್ತಿತ್ತು.

ಎಲ್ಲ ಸರಿಯಾಗಿ ನಡೆಯಿತು. ಚಳಿಗಾಲದಲ್ಲಿ ಅವಳು ಇನ್ನೊಂದು ಅನುಕೂಲ ಸೇರಿಸಿದಳು: ವಿದ್ಯುತ್ ಹೋದರೆ ಬ್ಯಾಟರಿ ಮುಗಿಯುವ ಮೊದಲು ಎಮ್ಯುಲೇಟರ್ ತನ್ನ ಇಡೀ ಸ್ಥಿತಿಯನ್ನು ಬರೆದಿಟ್ಟು ಮಲಗುತ್ತದೆ, ವಿದ್ಯುತ್ ಬಂದ ಮೇಲೆ ಬಿಟ್ಟಲ್ಲಿಂದಲೇ ಏಳುತ್ತದೆ. ಮೊದಲಿನಿಂದ ಶುರುಮಾಡುವ ಇಪ್ಪತ್ತು ನಿಮಿಷ ಉಳಿಯುತ್ತದೆ. ಪ್ಲಗ್ ಕಿತ್ತು ಪರೀಕ್ಷೆ ಮಾಡಿದಳು. ಅಳತೆ ಮುಂಚೆ ಇದ್ದಷ್ಟೇ ಆಮೇಲೂ ತೋರಿತು. ಮೇಲಧಿಕಾರಿ ಕೂಹಕನ್ “ಭೇಷ್” ಎಂದು ಸಹಿ ಹಾಕಿದರು. ಆದರೂ ಮಹ್ಲಖಾಳಿಗೆ ಸಮಾಧಾನವಿಲ್ಲ. ಯಾವುದನ್ನೋ ಮನೆಯಲ್ಲಿ ಬಿಟ್ಟು ಬಂದಂತೆ ಒಂದು ಅಳುಕು. ಅವಳಿಗೆ ಅಳುಕು ಇಲ್ಲದ ದಿನವೇ ಇರಲಿಲ್ಲವಾದ್ದರಿಂದ ಇದನ್ನೂ ಹಳೆಯವುಗಳ ಜೊತೆ ಸೇರಿಸಿ ಸುಮ್ಮನಾದಳು.

ಹೊಸವರ್ಷದ ಹಬ್ಬವಾದ ನೌರೋಜಿನ ಹದಿಮೂರನೆಯ ದಿನ ಯಾರೂ ಮನೆಯೊಳಗೆ ಕೂರುವುದಿಲ್ಲ. ಪುಲೆಗಚ್ಚಿನ ಜನವಂತೂ ಚಾಪೆ, ಚಹಾ ಕಾಯಿಸುವ ಸಮಾವರ್, ಮಾಂಸ ಸುಡುವ ಸಲಾಕೆ, ಬ್ಯಾಡ್ಮಿಂಟನ್ ಬ್ಯಾಟು ಹೊತ್ತು ಶೂರಾಬಿನ ನಡುವಿನ ಮರಳುದಿಬ್ಬಕ್ಕೆ ಹೋಗುತ್ತಾರೆ. ದಿಬ್ಬಕ್ಕೆ ಹೋಗಲು ಮೊಣಕಾಲುದ್ದದ ನೀರಿನಲ್ಲಿ ಕಲ್ಲುಗಳ ಒಂದು ಸಾಲು. ಆ ವರ್ಷ ನೌಜರ್ ಕೂಡ ಭಟ್ಟಿ ಮುಚ್ಚಿ ತಾಯಿಯನ್ನೂ ತಾಬಾನಳನ್ನೂ ಕರೆದುಕೊಂಡು ಬೆಳಿಗ್ಗೆಯೇ ಹೋಗಿದ್ದ. ಗುಡ್ಡದ ಕಡೆ ಎರಡು ದಿನದಿಂದ ಮಳೆ ಇದ್ದುದರಿಂದ ಕಚೇರಿಯಲ್ಲಿ ಇಬ್ಬರು ಇರಬೇಕಾಯಿತು: ಮಹ್ಲಖಾ ಮತ್ತು ಕೂಹಕನ್. ಕೂಹಕನ್ ಮಧ್ಯಾಹ್ನಕ್ಕೆ ತಮ್ಮವರನ್ನು ಕೂಡಿಕೊಳ್ಳುವ ಆಸೆಯಿಂದ ಹೊಸ ಅಂಗಿಯಲ್ಲೇ ಬಂದಿದ್ದರು.

ಒಂಬತ್ತು ನಲವತ್ತಕ್ಕೆ ವಿದ್ಯುತ್ ಹೋಯಿತು. ಆಗ ದಹಾನೆಯ ಅಳತೆ ನಾಲ್ಕು ಮೀಟರ್ ಇಪ್ಪತ್ತೊಂದು. ಐದು ಮೀಟರ್ ದಾಟಿದರೆ ಸೈರನ್ ಹಾಕಬೇಕು, ಅದರ ಬೀಗದ ಕೈ ಇದ್ದದ್ದು ಕೂಹಕನ್ ಒಬ್ಬರ ಹತ್ತಿರ. ಹತ್ತಕ್ಕೆ ಐದು ನಿಮಿಷ ಇರುವಾಗ ವಿದ್ಯುತ್ ಬಂತು, ಎಮ್ಯುಲೇಟರ್ ಬಿಟ್ಟಲ್ಲಿಂದಲೇ ಎದ್ದಿತು. ಪರದೆಯ ಮೇಲೆ ನಾನೂರ ಇಪ್ಪತ್ತೊಂದು. ಹತ್ತು ಗಂಟೆಗೂ ನಾನೂರ ಇಪ್ಪತ್ತೊಂದು. ಹತ್ತೂಕಾಲಿಗೂ ಅದೇ.

“ನಿಂತಿದೆ ನೋಡಿ,” ಎಂದು ಕೂಹಕನ್ ಹಬ್ಬದ ತಿನಿಸಾದ ಲೆಟಿಸ್ ಸೊಪ್ಪಿನ ಎಲೆಯನ್ನು ಸಿಹಿ ವಿನೆಗರ್ ಪಾಕದಲ್ಲಿ ಅದ್ದಿ ಬಾಯಿಗಿಟ್ಟುಕೊಂಡರು. “ಮಳೆ ಬಿಟ್ಟಿರಬೇಕು. ನೀವೂ ತಿನ್ನಿ, ಖಾನುಮ್.”

ಮಹ್ಲಖಾ ಎಲೆ ಹಿಡಿದುಕೊಂಡಳು, ತಿನ್ನಲಿಲ್ಲ. ನದಿ ಒಂದು ಸೆಂಟಿಮೀಟರ್ ಕೂಡ ಅಲ್ಲಾಡದೆ ಅರ್ಧ ಗಂಟೆ ನಿಲ್ಲುವುದನ್ನು ಬೇಸಿಗೆಯಲ್ಲಿ ನೋಡಿದ್ದಳು. ಮಳೆಯ ದಿನ ನೋಡಿರಲಿಲ್ಲ. ಲಫ್ತೆಗೆ ಫೋನ್ ಮಾಡಿದಳು. ಹಬ್ಬದ ದಿನ ಎಲ್ಲರೂ ಎಲ್ಲರಿಗೂ ಮಾತಾಡುತ್ತಿದ್ದರಿಂದ ಲೈನು ಸಿಗಲಿಲ್ಲ. ಮತ್ತೆ ಮಾಡಿದಳು. ಹತ್ತೂವರೆಗೂ ಪರದೆಯಲ್ಲಿ ನಾನೂರ ಇಪ್ಪತ್ತೊಂದೇ ಇತ್ತು. ಅವಳ ಕೈಯಲ್ಲಿ ಲೆಟಿಸ್ ಎಲೆ ಮುದುಡಿತು.

ಹತ್ತೂ ಮುಕ್ಕಾಲಿಗೆ ಪರದೆಯ ಅಂಕಿ ಬದಲಾಯಿತು. ಇನ್ನೂರ ಐವತ್ತೆಂಟು.

“ಇಳೀತು!” ಎಂದು ಕೂಹಕನ್ ಕೈತಟ್ಟಿದರು. “ಎರಡು ಮೀಟರ್ ಐವತ್ತೆಂಟು! ಇನ್ನು ನೀವೂ ಮನೆಯವರ ಹತ್ತಿರ ಹೋಗಿ. ನಾನು ಬೀಗ ಹಾಕ್ಕೊಂಡು ಹೊರಡ್ತೀನಿ.”

“ಕಾಲು ಗಂಟೆಯಲ್ಲಿ ಒಂದೂವರೆ ಮೀಟರ್ ಇಳಿಯುತ್ತಾ, ಸಾಹೇಬ್ರೇ?”

“ಇಳಿಯಲಿ ಬಿಡಿ. ಇಳಿದರೂ ಬೇಜಾರೇ ನಿಮಗೆ?”

ಅಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ಲಫ್ತೆ. ಹಿಂದೆ ನೀರಿನ ಸದ್ದು, ಎಮ್ಮೆಗಳ ಕೂಗು.

“ಏನ್ ಮಾಡಾಕತ್ತೀರವಾ ಅಲ್ಲೆ? ಮಕ್ಕೊಂಡೀರೇನು? ತಾಸು ಆತು ನಿಮಗ ಫೋನ್ ಹಚ್ಚಾಕತ್ತು! ಇನ್ನೂ ಯಾಕ ಸೈರನ್ ಹಾಕಿಲ್ಲ?”

“ಎಷ್ಟಿದೆ ಕಾಕಾ? ಈಗ ಎಷ್ಟಿದೆ?”

“ಐನೂರ ಹದಿಮೂರು. ಮುಕ್ಕಾಲಿಗೆ ನಾನೇ ಕಂಬದ ಹಂತೇಲಿ ನಿಂತು ನೋಡೀನಿ. ಹತ್ತೂವರಿಗೆ ನಾನೂರ ಎಂಬತ್ತೆಂಟು ಇತ್ತು. ಓಡಿ ಬರಾಕತ್ತೈತಿ ಅದು, ನಡದು ಬರವಲ್ದು!”

ಅವಳು ಗೋಡೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಹರಿದು ಬೆನ್ನಿನ ಮೇಲೆ ಎರಡೂ ಅಂಕಿ ಬರೆದಳು. ಐನೂರ ಹದಿಮೂರು. ಇನ್ನೂರ ಐವತ್ತೆಂಟು. ಎರಡನ್ನೂ ಕಟ್ಟು, ಬಿಡಿ ಎಂದು ಬಿಡಿಸಿದಳು. ಇನ್ನೂರ ಐವತ್ತಾರರ ಎರಡು ಕಟ್ಟು, ಬಿಡಿ ಒಂದು: ಐನೂರ ಹದಿಮೂರು. ಒಂದು ಕಟ್ಟು, ಬಿಡಿ ಎರಡು: ಇನ್ನೂರ ಐವತ್ತೆಂಟು. ಎರಡೂ ಅವೇ ಡಬ್ಬಿಗಳು. ತಿರುಗಿ ನಿಂತಿದ್ದವು, ಅಷ್ಟೇ.

ಅವಳಿಗೆ ಎಲ್ಲವೂ ಒಟ್ಟಿಗೆ ಹೊಳೆಯಿತು. ವಿದ್ಯುತ್ ಹೋದಾಗ ಎಮ್ಯುಲೇಟರ್ ಎಲ್ಲವನ್ನೂ ಬರೆದಿಟ್ಟಿತ್ತು. ಅತಿಥಿ ಕಟ್ಟು ಮುಂದಿಡುವವನು ಎಂಬ ಒಂದು ನೆನಪನ್ನು ಬಿಟ್ಟು. ಆ ನೆನಪು ಬೇಕಾದಾಗ ಮತ್ತೆ ಕಂಡುಕೊಳ್ಳಬಹುದು ಎಂದು ಅದನ್ನು ಬರೆದಿಡದೆ ಬಿಟ್ಟವಳು ಅವಳೇ. ಎದ್ದ ಮೇಲೆ ಸಾಧನ ತಾನು ಹೊಸ ತಲೆಮಾರಿನದೆಂದುಕೊಂಡು ಬಿಡಿ ಮುಂದಿಟ್ಟು ಕಳಿಸತೊಡಗಿತ್ತು. ಹತ್ತೂವರೆಯ ನಾನೂರ ಎಂಬತ್ತೆಂಟು ತಿರುಗಿದರೆ ಐವತ್ತು ಸಾವಿರ ದಾಟುತ್ತದೆ. ಹನ್ನೆರಡು ಮೀಟರಿಗಿಂತ ಹೆಚ್ಚು ಬಂದರೆ ಉಪಕರಣ ಕೆಟ್ಟಿದೆಯೆಂದು ತಳ್ಳಿಹಾಕಿ ಹಿಂದಿನ ಅಳತೆಯನ್ನೇ ತೋರಿಸುತ್ತಿರಬೇಕೆಂಬುದು ವಾರ್ತಾನರು ಬರೆದಿಟ್ಟ ಕಟ್ಟಳೆ. ಪರದೆ ಮುಕ್ಕಾಲು ಗಂಟೆಯಿಂದ ಸುಮ್ಮನೆ ಹಳೆಯದನ್ನೇ ತೋರಿಸಿತ್ತು. ತಿರುಗಿದರೂ ನಂಬುವಂತಿದ್ದ ಮೊದಲ ಅಂಕಿ ಬಂದದ್ದು ಈಗ.

“ಸೈರನ್ ಹಾಕಿ, ಸಾಹೇಬ್ರೇ.”

ಕೂಹಕನ್ ಕೋಟು ಹಾಕಿಕೊಳ್ಳುತ್ತಿದ್ದವರು ನಿಂತರು. “ಏನಂದ್ರಿ?”

“ದಹಾನೆಯಲ್ಲಿ ಐದು ಹದಿಮೂರು. ಲಫ್ತೆ ಕಣ್ಣಾರೆ ನೋಡಿದಾನೆ.”

“ಯಂತ್ರ ಎರಡು ಐವತ್ತೆಂಟು ಅಂತಿದೆ. ಎಮ್ಮೆ ಕಾಯೋನ ಮಾತು ನಂಬಿ ಹದಿಮೂರರ ದಿನ ಇಡೀ ಊರನ್ನ ಓಡಿಸಲಾ? ಹೋದ ವರ್ಷ ಸುಳ್ಳು ಸೈರನ್ ಹಾಕಿ ನಾನು ತಿಂದ ಬೈಗುಳ ನಿಮಗೆ ಗೊತ್ತು. ಕಲ್ಲಿನ ಮೇಲೆ ಓಡ್ತಾ ಇಬ್ಬರ ಕಾಲು ಮುರೀತು.”

“ಅವನೂ ಸರಿ, ವಾರ್ತಾನ್ ಸಾಹೇಬರ ಪ್ರೋಗ್ರಾಮೂ ಸರಿ. ನಡುವೆ ಇರೋದು ನಾನು ಬರೆದದ್ದು. ತಪ್ಪಿರೋದು ಅಲ್ಲಿ.” ಅವಳು ಕ್ಯಾಲೆಂಡರ್ ಹಾಳೆ ಮುಂದೆ ಹಿಡಿದು ಎರಡು ಸಾಲಿನ ಲೆಕ್ಕ ತೋರಿಸಿದಳು. ಕೂಹಕನ್ ಹಾಳೆ ನೋಡಿದರು, ಪರದೆ ನೋಡಿದರು, ಮತ್ತೆ ಹಾಳೆ ನೋಡಿದರು. ಅವರೂ ಇಂಜಿನಿಯರೇ, ಲೆಕ್ಕ ಅರ್ಥವಾಯಿತು. ಆದರೆ ಅರ್ಥವಾಗುವುದು ಬೇರೆ, ಕೈ ಮುಂದೆ ಬರುವುದು ಬೇರೆ.

“ಹನ್ನೊಂದರ ಅಳತೆ ಬರಲಿ. ಹತ್ತು ನಿಮಿಷ.”

ಆ ಹತ್ತು ನಿಮಿಷ ಅವಳು ನೌಜರನಿಗೆ ಫೋನ್ ಮಾಡುತ್ತಲೇ ಇದ್ದಳು. ‘ಈ ಚಂದಾದಾರರು ಸಿಗುತ್ತಿಲ್ಲ’ ಎಂದು ಒಂದು ಹೆಣ್ಣುದನಿ ಬಲು ಮರ್ಯಾದೆಯಿಂದ ಹೇಳುತ್ತಿತ್ತು. ಕಿಟಕಿಯಿಂದ ದೂರದಲ್ಲಿ ದಿಬ್ಬ ಕಾಣುತ್ತಿತ್ತು, ಬಣ್ಣಬಣ್ಣದ ಗುಡಾರಗಳು, ಹೊಗೆ. ಯಾವ ಗುಡಾರ ತಮ್ಮದೆಂದು ತಿಳಿಯಲಿಲ್ಲ. ಓಡಿಹೋಗಿ ಮಗಳನ್ನು ಎತ್ತಿಕೊಂಡು ಬಂದುಬಿಡಲೇ ಎನ್ನಿಸಿತು. ಹೋಗಲು ಇಪ್ಪತ್ತು ನಿಮಿಷ. ಹೋದರೆ ಇಲ್ಲಿ ಈ ಮನುಷ್ಯ ಕೋಟು ಹಾಕಿಕೊಂಡು ಹೊರಟೇಬಿಡುತ್ತಾನೆ. ಅವಳು ಹೋಗಲಿಲ್ಲ. ಆ ಹತ್ತು ನಿಮಿಷದಲ್ಲಿ ತಾನು ತಾಯಿಯಾಗಿ ಉಳಿದಿದ್ದೆನೋ ಇಲ್ಲವೋ ಎಂದು ಅವಳು ಆಮೇಲೆ ಎಷ್ಟೋ ತಿಂಗಳು ತನ್ನನ್ನೇ ಕೇಳಿಕೊಂಡಳು.

ಹನ್ನೊಂದಕ್ಕೆ ಪರದೆ ಇನ್ನೂರ ಐವತ್ತೆಂಟರಲ್ಲೇ ನಿಂತಿತ್ತು. ಲಫ್ತೆಯ ಫೋನ್ ಹನ್ನೊಂದು ದಾಟಿ ನಾಲ್ಕು ನಿಮಿಷಕ್ಕೆ ಹತ್ತಿತು. ಅವಳು ಅದನ್ನು ಗಟ್ಟಿಯಾಗಿ ಕೇಳುವಂತೆ ಮೇಜಿನ ಮೇಲಿಟ್ಟಳು.

“ಐನೂರ, ಒಂಬತ್ತೂ ಮೂವತ್ತು!” ಲಫ್ತೆಗೆ ಏದುಸಿರು. “ಕಂಬ ಅಳ್ಳಾಡಾಕತ್ತೈತಿ. ಇನ್ನ ನಾ ಇಲ್ಲೆ ನಿಂದರೂದಿಲ್ಲ, ನನ್ನ ಎಮ್ಮಿ ಕಟ್ಟೇ ಅದಾವು. ದೇವರಾಣಿ, ಆ ಸಾಹೇಬಗ ಹೇಳ್ರಿ...” ಲೈನು ಹೋಯಿತು.

ಕೂಹಕನ್ ಡ್ರಾಯರಿನಿಂದ ಒಂದು ಬಿಳಿ ಹಾಳೆ ತೆಗೆದು ಅವಳ ಮುಂದೆ ಇಟ್ಟರು. “ಬರೆದು ಕೊಡಿ. ಯಂತ್ರದ ಅಳತೆ ತಪ್ಪು, ತಪ್ಪು ನಿಮ್ಮದು, ನಿಮ್ಮ ಮಾತಿನ ಮೇಲೆ ಸೈರನ್ ಹಾಕಿದೆ ಅಂತ.”

ಅವಳು ನಿಂತೇ ಬರೆದಳು, ಮೂರು ಸಾಲು. ಸಹಿ ಕೆಳಗೆ ಜಾರಿತು. ಹಾಳೆ ಕೈಗೆ ಬರುವ ಮೊದಲೇ ಕೂಹಕನ್ ಬೀಗದ ಕೈ ತಿರುಗಿಸಿಬಿಟ್ಟಿದ್ದರು. ಇದನ್ನು ಅವಳು ತನಿಖೆಯಲ್ಲಿ ಅವರ ಪರವಾಗಿ ಹೇಳಿದಳು.

ಛಾವಣಿಯ ಮೇಲಿನ ಸೈರನ್ ಕೂಗಿತು. ಮಹ್ಲಖಾ ಎರಡೂ ಕಿವಿ ಮುಚ್ಚಿಕೊಂಡು ಮೇಜಿನ ಪಕ್ಕ ಕುಸಿದು ಕೂತಳು. ನಲವತ್ತಾರು ವರ್ಷದ ಹೆಂಗಸು ಮೆಟ್ಟಿಲು ಹುಡುಕುವವಳಂತೆ ಸುತ್ತ ನೋಡುತ್ತಿದ್ದಳೆಂದು ಕೂಹಕನ್ ಆಮೇಲೆ ತಮ್ಮ ಹೆಂಡತಿಗೆ ಹೇಳಿದರಂತೆ. ಎರಡು ನಿಮಿಷ ಹಾಗೆ ಇದ್ದು ಅವಳು ಎದ್ದಳು, ಎಮ್ಯುಲೇಟರನ್ನು ನಿಲ್ಲಿಸಿ ಮೊದಲಿನಿಂದ ಶುರುಮಾಡಿದಳು. ಇಪ್ಪತ್ತು ನಿಮಿಷದ ಮೇಲೆ ಪರದೆಯ ಮೇಲೆ ಐನೂರ ಅರವತ್ತೆಂಟು ಕಂಡು, ಕಂಡ ಕೂಡಲೇ ಅಳಿಸಿಹೋಯಿತು. ದಹಾನೆಯ ಕಂಬ ಉಪಕರಣದ ಸಮೇತ ಹೊರಟುಹೋಗಿತ್ತು.

ದಿಬ್ಬದ ಮೇಲೆ ಮೊದಲು ಯಾರೂ ನಂಬಲಿಲ್ಲ. “ಹೋದ ವರ್ಷದ್ದೇ ನಾಟಕ” ಎಂದು ಕೆಲವರು ಕೂತೇ ಇದ್ದರು. ನೌಜರನ ತಾಯಿ ಕುದಿಯುತ್ತಿದ್ದ ಹುಳಿಗಂಜಿಯ ಪಾತ್ರೆ ಬಿಟ್ಟು ಏಳಲು ಒಪ್ಪಲಿಲ್ಲ. “ಅಮ್ಮಾ, ಸೈರನ್ ಹಿಂದೆ ಮಹ್ಲಖಾ ಇದಾಳೆ. ಅವಳು ಗ್ಯಾಸನ್ನ ಮೂರು ಸಲ ನೋಡ್ತಾಳೆ, ನದೀನ ನೂರು ಸಲ ನೋಡಿರ್ತಾಳೆ. ಏಳು!” ಎಂದು ನೌಜರ್ ಮುದುಕಿಯನ್ನು ಬೆನ್ನ ಮೇಲೆ ಹಾಕಿಕೊಂಡ. ರೊಟ್ಟಿಯವನು ಓಡುವುದನ್ನು ಕಂಡು ಪಕ್ಕದ ಗುಡಾರದವರು ಎದ್ದರು, ಅವರನ್ನು ಕಂಡು ಮಿಕ್ಕವರು. ಕಲ್ಲಿನ ಸಾಲಿನ ಮೇಲೆ ತಾಬಾನ್ ದಾಟುವಾಗ ನೀರು ಅವಳ ಸೊಂಟಕ್ಕಿತ್ತು. ಹನ್ನೆರಡೂವರೆಗೆ ಮಣ್ಣಿನ ಬಣ್ಣದ ನೀರು ಬುಡಸಮೇತ ಕಿತ್ತ ಪೊದೆಗಳನ್ನು ಹೊತ್ತು ಬಂದು ದಿಬ್ಬವನ್ನು ಮುಚ್ಚಿತು. ಚಾಪೆ, ಸಮಾವರ್, ಎರಡು ಕಾರು ಹೋದವು. ಮನುಷ್ಯರು ಒಬ್ಬರೂ ಹೋಗಲಿಲ್ಲ.

ಮೇಲೆ ದಹಾನೆಯಲ್ಲಿ ಲಫ್ತೆಯ ಏಳು ಎಮ್ಮೆಗಳಲ್ಲಿ ನಾಲ್ಕು ಹೋದವು. ಅವನು ಕಟ್ಟು ಬಿಚ್ಚಲು ಹೋದಾಗ ನೀರು ಅವುಗಳ ಕೊರಳ ಮಟ್ಟಕ್ಕೆ ಬಂದಿತ್ತು. ಆ ಬೆಳಗಿನ ಒಂದು ಗಂಟೆಯನ್ನು ಅವನು ಕಚೇರಿಗೆ ಫೋನ್ ಹಚ್ಚುವುದರಲ್ಲಿ ಕಳೆದಿದ್ದ.

ದಾರಿ ತೆರೆದ ಮೇಲೆ ಮಹ್ಲಖಾ ನೌಜರನ ಜೊತೆ ಹೋದಳು. ಲಫ್ತೆಗೆ ಈಗ ಎಪ್ಪತ್ತರ ಹತ್ತಿರ. ಕೆಸರು ಮೆತ್ತಿದ ಜೊಂಡಿನ ಚಪ್ಪರದ ಕೆಳಗೆ ಕೂತು ಉಳಿದ ಎಮ್ಮೆಯೊಂದರ ಕಾಲಿಗೆ ಔಷಧ ಹಚ್ಚುತ್ತಿದ್ದ.

“ತಪ್ಪು ನನ್ನದು, ಕಾಕಾ,” ಎಂದಳು. “ಪರದೆ ಸರಿ ಇದ್ದಿದ್ದರೆ ನೀವು ಫೋನ್ ಹಿಡ್ಕೊಂಡು ಕೂರಬೇಕಿರಲಿಲ್ಲ.”

ಲಫ್ತೆ ಎಮ್ಮೆಯ ಕಾಲಿಗೆ ಇನ್ನಷ್ಟು ಔಷಧ ಹಚ್ಚಿದ. ಆಮೇಲೆ, “ಹಿರೇ ಎಮ್ಮಿಗೆ ನಿನ್ನ ಹೆಸರು ಇಟ್ಟಿದ್ದೆ, ಗೊತ್ತೇನು?” ಎಂದ. “ಸುಮ್ಮ ಸುಮ್ಮನ ಹೆದರತಿತ್ತು ಅದು. ಅದೂ ಹೋತು.” ನಗಿಸಲು ಹೇಳಿದನೋ ಚುಚ್ಚಲು ಹೇಳಿದನೋ ಅವಳಿಗೆ ತಿಳಿಯಲಿಲ್ಲ. ಲಫ್ತೆಯ ಹೆಂಡತಿ ಬಿಸಿ ಹಾಲು ತಂದಿಟ್ಟಳು. ಕುಡಿಯದಿದ್ದರೆ ಅವಮಾನವೆಂದು ಮಹ್ಲಖಾ ಕುಡಿದಳು.

ತನಿಖೆಗೆ ಅಹ್ವಾಜಿನಿಂದ ಒಬ್ಬರು ಬಂದರು. ಅದರ ಹಿಂದಿನ ದಿನ ಕೂಹಕನ್ ಅವಳ ಕೋಣೆಗೆ ಬಂದು, ಮೂರು ಸಾಲಿನ ಹಾಳೆಯನ್ನು ಮೇಜಿನ ಮೇಲಿಟ್ಟರು. “ಇದನ್ನ ಹರಿದುಹಾಕಿ. ವಿದ್ಯುತ್ ಹೋಗಿ ಯಂತ್ರ ಕೆಟ್ಟಿತು ಅಂದರೆ ಮುಗೀತು. ಯಾರಿಗೆ ತಿಳಿಯುತ್ತೆ?”

“ಕೆಟ್ಟಿರಲಿಲ್ಲ. ಹಾಗಂತ ಬರೆದರೆ ಯಾರೂ ರಿಪೇರಿ ಮಾಡೋಲ್ಲ.”

ಅವಳು ತನ್ನ ಚಳಿಗಾಲದ ಪರೀಕ್ಷೆಯ ದಾಖಲೆಯನ್ನೂ ತಾನೇ ತೆಗೆದು ತನಿಖೆಯವರ ಮುಂದಿಟ್ಟಳು. ಹಿಂದಿನ ವಾರವಿಡೀ ಆ ಹಾಳೆಯನ್ನು ನೋಡಿ ನೋಡಿ ಅವಳಿಗೆ ಊಟ ಸೇರಿರಲಿಲ್ಲ. ಪ್ಲಗ್ ಕಿತ್ತ ದಿನ ನದಿ ಎರಡು ಮೀಟರ್ ಐವತ್ತೇಳರಲ್ಲಿ ನಿಂತಿತ್ತು. ಇನ್ನೂರ ಐವತ್ತೇಳು ಎಂದರೆ ಒಂದು ಕಟ್ಟು, ಒಂದು ಬಿಡಿ. ಹಿಂದುಮುಂದಾದರೂ ಅಷ್ಟೇ. ಇಡೀ ನದಿಯಲ್ಲಿ ತನ್ನ ತಪ್ಪನ್ನು ಮುಚ್ಚಬಲ್ಲ ಅಂಕಿಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದರ ಮೇಲೆ ನಿಂತು ಅವಳು ಪರೀಕ್ಷೆ ಮುಗಿಸಿ ಸಹಿ ಹಾಕಿಸಿಕೊಂಡಿದ್ದಳು. ಬೇರೆ ಅಂಕಿ ಕೊಟ್ಟು ನೋಡಲು ಒಂದು ನಿಮಿಷ ಸಾಕಿತ್ತು.

ತನಿಖೆಯವರು ಆ ದಾಖಲೆಯನ್ನು ಎರಡು ಸಲ ಓದಿ, “ಇದನ್ನ ನೀವಾಗಿ ತೋರಿಸದೆ ಇದ್ದಿದ್ದರೆ ನನಗೆ ಸಿಗುತ್ತಿರಲಿಲ್ಲ” ಎಂದರು. ಹೊಗಳಿಕೆಯಲ್ಲ, ಇದ್ದ ಮಾತು. ಅವಳ ಕಡತಕ್ಕೆ ಒಂದು ಛೀಮಾರಿ ಪತ್ರ ಸೇರಿತು. ಕೆಲಸದಿಂದ ತೆಗೆಯಲಿಲ್ಲ, ತೆಗೆದರೆ ಆ ಯಂತ್ರದ ವೇಷವನ್ನು ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ.

ರಿಪೇರಿ ಒಂದು ದಿನದ ಕೆಲಸ. ಸ್ಥಿತಿಯನ್ನು ಬರೆದಿಡುವಾಗ ಅತಿಥಿ ಯಾವ ಪದ್ಧತಿಯವನು, ಸಾಧನ ಹಳಬನೋ ಹೊಸಬನೋ ಎಂಬುದನ್ನೂ ಬರೆದಿಡುವುದು. ಅವಳ ಆ ಸಾಧನವನ್ನು ಬೇರೆ ಊರುಗಳ ಎಷ್ಟು ಜನ ತೆಗೆದುಕೊಂಡು ಬಳಸುತ್ತಿದ್ದಾರೋ ಗೊತ್ತಿರಲಿಲ್ಲ, ಯಾಕೆಂದರೆ ಹಿಂದಿನ ವರ್ಷ ಅವಳೇ ಅದನ್ನು ಎಮ್ಯುಲೇಟರಿನ ಮಂದಿಗೆ ಕಳಿಸಿಕೊಟ್ಟಿದ್ದಳು. ಅದೇ ದೊಡ್ಡ ಹೆದರಿಕೆಯಾಯಿತು. ಯಾವ ದೇಶದ ಯಾವ ನದಿಯ ದಂಡೆಯಲ್ಲಿ ಅದು ಈಗ ಏನು ತೋರಿಸುತ್ತಿದೆಯೋ! ಅವಳು ನಡೆದದ್ದನ್ನೆಲ್ಲ ಇದ್ದ ಹಾಗೆ ಬರೆದು, ತಿದ್ದುಪಡಿ ಸೇರಿಸಿ ಕಳಿಸಿದಳು. ಐದು ದಿನ ಉತ್ತರವಿಲ್ಲ. ಆರನೆಯ ದಿನ ಮುಖ ಕಾಣದ ಒಬ್ಬರು ಕೇಳಿದರು: ಈ ನೆನಪು ಇಲ್ಲದೆ ಹಿಂದೆ ಬರೆದಿಟ್ಟ ಸ್ಥಿತಿಗಳನ್ನು ತೆರೆದರೆ ಏನು ಮಾಡುತ್ತೀರಿ, ಊಹಿಸುತ್ತೀರೋ ನಿಲ್ಲುತ್ತೀರೋ? ಅವಳು ಎರಡು ದಿನ ಯೋಚಿಸಿದಳು. ಊಹಿಸಿದರೆ ಅನುಕೂಲ. ‘ನಿಲ್ಲುತ್ತೇನೆ, ಗಟ್ಟಿಯಾಗಿ ಹೇಳಿ ನಿಲ್ಲುತ್ತೇನೆ’ ಎಂದು ಬರೆದಳು. ನಾಲ್ಕು ಸಲ ತಿದ್ದಿಸಿ ಕೊನೆಗೆ ಒಪ್ಪಿಕೊಂಡರು. ಹಿಂದುಮುಂದಾದರೆ ಸಿಕ್ಕಿಬೀಳುವ ಅಂಕಿಗಳನ್ನೇ ಆರಿಸಿ ಪರೀಕ್ಷೆ ಬರೆದುಕೊಡಬೇಕೆಂದು ಕೇಳಿದರು. ಅದನ್ನು ಅವಳು ಆಗಲೇ ಬರೆದಿಟ್ಟಿದ್ದಳು.

ಚಳಿಗಾಲದ ಮಳೆಗೆ ಮುಂಚೆ ಅವಳು ಮೇಲಿನವರಿಗೆ ಒಂದು ಅರ್ಜಿ ಹಾಕಿದಳು. ದಹಾನೆಯಲ್ಲಿ ಹೊಸ ಕಂಬ ನೆಟ್ಟ ಮೇಲೂ ಲಫ್ತೆಯ ಫೋನ್ ನಿಲ್ಲಿಸಬಾರದು. ಅವನು ಹೇಳಿದ್ದನ್ನೂ ಯಂತ್ರ ಹೇಳಿದ್ದನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆಯಬೇಕು. ಎರಡಕ್ಕೂ ಐದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ, ಆ ಹೊತ್ತು ಕೆಲಸದ ಮೇಲಿರುವವರು ಯಾರನ್ನೂ ಕೇಳದೆ ಸೈರನ್ ಹಾಕಬಹುದು. ಒಪ್ಪಿಗೆ ಬಂತು, ಜೊತೆಗೆ ಸೈರನ್ನಿನ ಎರಡನೆಯ ಬೀಗದ ಕೈ.

ಕೂಹಕನ್ ಅದನ್ನು ತಂದು ಅವಳ ಮೇಜಿನ ಮೇಲಿಟ್ಟರು. “ತಗೊಳ್ಳಿ, ಕಳವಳದ ಖಾನುಮ್,” ಎಂದರು. ಎದುರಿಗೆ ಆ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ತಪ್ಪು ಮಾತು ಬಾಯಿಗೆ ಬಂದಿತೆಂದು ಕಿವಿ ಕೆಂಪು ಮಾಡಿಕೊಂಡು ಹೊರಟುಹೋದರು.

ಬೀಗದ ಕೈಯನ್ನು ಎಲ್ಲಿಡುವುದೆಂದು ಅವಳಿಗೆ ತಿಳಿಯಲಿಲ್ಲ. ಡ್ರಾಯರಿನಲ್ಲಿಟ್ಟಳು, ತೆಗೆದಳು. ಚೀಲದಲ್ಲಿಟ್ಟಳು, ಬಸ್ಸಿನಲ್ಲಿ ಕಳೆದರೆ ಎಂದು ತೆಗೆದಳು. ಕೊನೆಗೆ ಒಂದು ಪಿನ್ನು ಹುಡುಕಿ ಕೋಟಿನ ಒಳಮೈಗೆ ಚುಚ್ಚಿಕೊಂಡು ದಹಾನೆಗೆ ಫೋನ್ ಮಾಡಿದಳು. ಮೊದಲನೆಯ ಸಲಕ್ಕೇ ಲೈನು ಸಿಕ್ಕಿತು.

“ಇನ್ನೂರ, ಎಂಟೂ ಎಪ್ಪತ್ತು,” ಎಂದ ಲಫ್ತೆ. “ಬರಕೋ. ಬರಕೊಂಡು ನನಗ ತಿರುಗಿ ಓದಿ ಹೇಳು.”

ಅವಳು ಬರೆದುಕೊಂಡು, ತಿರುಗಿ ಓದಿ ಹೇಳಿದಳು.